ಟಾಸ್ಟಿಗ್ ಯಾಕೆ ವಿಲಿಯಂ ಆದ?

ಭಾಗ 1/7

ಒಬ್ಬ ಹುಡುಗನಿಂದ ಶುರು ಮಾಡ್ತೀನಿ.

12ನೇ ಶತಮಾನ. ಇಂಗ್ಲೆಂಡಿನ ಉತ್ತರದಲ್ಲಿ ಸಮುದ್ರದ ದಡದ ಊರು, ವಿಟ್ಬಿ. ಅಪ್ಪ ಅಮ್ಮ ಮಗನಿಗೆ ಇಟ್ಟ ಹೆಸರು ಟಾಸ್ಟಿಗ್. ಸುಮ್ಮನೆ ಬಂದ ಹೆಸರಲ್ಲ ಅದು. 11ನೇ ಶತಮಾನದಲ್ಲಿ ಅದೇ ಸೀಮೆಯನ್ನು ಆಳಿದ ದೊಡ್ಡ ಸಾಮಂತನೊಬ್ಬನ ಹೆಸರೂ ಟಾಸ್ಟಿಗ್. ಆದ್ರೆ ಈ ಹುಡುಗನ ಕಾಲಕ್ಕೆ ಜೊತೆಯ ಮಕ್ಕಳು ಆ ಹೆಸರು ಕೇಳಿದ್ರೆ ನಗ್ತಿದ್ರು. ಕೊನೆಗೆ ಹೆಸರನ್ನೇ ಬದಲಾಯಿಸಿದ್ರು. ಹೊಸ ಹೆಸರು: ವಿಲಿಯಂ.

ಮುಂದೆ ಅವನು ಸನ್ಯಾಸಿಯಾಗಿ ಬಾರ್ತಲೋಮಿಯೊ ಅಂತ ಮತ್ತೊಂದು ಹೆಸರು ತಗೊಂಡ, ಫಾರ್ನ್ ಅನ್ನೋ ಪುಟ್ಟ ದ್ವೀಪದಲ್ಲಿ ವರ್ಷಗಟ್ಟಲೆ ಒಬ್ಬನೇ ಇದ್ದ, 1193ರಲ್ಲಿ ತೀರಿಕೊಂಡ. ಅವನ ಜೀವನಚರಿತ್ರೆ ಬರೆದವರು ಈ ಹೆಸರಿನ ವಿಷಯ ಮರೆಯದೆ ಬರೆದಿಟ್ಟಿದ್ದಾರೆ.

"ವಿಲಿಯಂ ಅಂದ್ರೆ ಪಕ್ಕಾ ಇಂಗ್ಲಿಷ್ ಹೆಸರಲ್ವಾ?" ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲ. ಅದು ಆಗ ಫ್ರಾನ್ಸಿನಿಂದ ಬಂದ ಸ್ಟೈಲಿಶ್ ಹೆಸರು.

ಭಾಗ 2/7

1066. ಫ್ರಾನ್ಸಿನ ಉತ್ತರದ ನಾರ್ಮಂಡಿಯ ಡ್ಯೂಕ್ ವಿಲಿಯಂ ಕಡಲು ದಾಟಿ ಬಂದು, ಹೇಸ್ಟಿಂಗ್ಸ್ ಯುದ್ಧದಲ್ಲಿ ಇಂಗ್ಲೆಂಡಿನ ರಾಜ ಹೆರಾಲ್ಡ್‌ನನ್ನು ಸೋಲಿಸಿದ. ಸಿಂಹಾಸನ ಮಾತ್ರ ಅಲ್ಲ, ಭೂಮಿಯೂ ಕೈ ಬದಲಾಯ್ತು. 1086ರಲ್ಲಿ ವಿಲಿಯಂ ದೇಶದ ಆಸ್ತಿಯ ಲೆಕ್ಕ ಬರೆಸಿದ. ಅದೇ ಡೂಮ್ಸ್‌ಡೇ ಬುಕ್. ನಮ್ಮ ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ ಇಡೀ ದೇಶದ ಅಸೆಟ್ ರಿಜಿಸ್ಟರ್. ಅದರಲ್ಲಿ ದೊಡ್ಡ ಜಮೀನ್ದಾರರ ಪೈಕಿ ಇಂಗ್ಲಿಷರು ಬೆರಳೆಣಿಕೆಯಷ್ಟೇ ಉಳಿದಿದ್ರು.

ಭೂಮಿ ಯಾರದೋ ಹೆಸರೂ ಅವರದೇ ನಡೀತು. ಮೊದಲು ಮಕ್ಕಳಿಗೆ ಲಿಯೋಫ್ರಿಕ್, ಗಾಡ್ರಿಕ್, ಗಾಡ್ವಿನ್, ವುಲ್ಫ್‌ಸ್ಟನ್ ಅಂತ ಇಡ್ತಿದ್ರು. ಕೆಲವೇ ತಲೆಮಾರುಗಳಲ್ಲಿ ವಿಲಿಯಂ, ರಾಬರ್ಟ್, ರಿಚರ್ಡ್, ಹೆನ್ರಿ, ಹ್ಯೂ ಬಂದುಬಿಟ್ಟವು. ಗಮನಿಸಿ, ಹೀಗೇ ಇಡಬೇಕು ಅಂತ ಯಾವ ರಾಜಾಜ್ಞೆಯೂ ಹೊರಡಲಿಲ್ಲ. ತೊಟ್ಟಿಲ ಮುಂದೆ ನಿಂತ ಅಪ್ಪ ಅಮ್ಮಂದಿರೇ ನಿರ್ಧಾರ ಮಾಡಿದ್ದು.

ಭಾಗ 3/7

ಜನಸಾಮಾನ್ಯರು ಬಿಡಿ, ರಾಣಿಯೂ ತಪ್ಪಿಸಿಕೊಳ್ಳಲಿಲ್ಲ.

1100ರಲ್ಲಿ ವಿಲಿಯಂನ ಮಗ ಮೊದಲನೇ ಹೆನ್ರಿ, ಸ್ಕಾಟ್ಲೆಂಡಿನ ರಾಜಕುಮಾರಿಯನ್ನು ಮದುವೆಯಾದ. ಅವಳ ಹೆಸರು ಈಡಿತ್. ತಾಯಿಯ ಕಡೆಯಿಂದ ಹಳೇ ಇಂಗ್ಲಿಷ್ ರಾಜವಂಶದ ರಕ್ತ, ಹೆಸರೂ ಅಪ್ಪಟ ಇಂಗ್ಲಿಷ್. ಆದ್ರೆ ರಾಣಿಯಾದ ಮೇಲೆ ಅವಳು ಮಟಿಲ್ಡಾ. ಅದು ನಾರ್ಮನ್ನರಿಗೆ ಒಗ್ಗಿದ ಹೆಸರು, ಹೆನ್ರಿಯ ಅಮ್ಮನ ಹೆಸರೂ ಅದೇ.

ಹೆಸರು ಬದಲಾದ್ರೂ ಕುಹಕ ನಿಲ್ಲಲಿಲ್ಲ. ಆಸ್ಥಾನದ ನಾರ್ಮನ್ ಸರದಾರರು ಗಂಡ ಹೆಂಡತಿಗೆ ಗಾಡ್ರಿಕ್, ಗಾಡಿವಾ ಅಂತ ಅಡ್ಡಹೆಸರಿಟ್ಟು ನಗ್ತಿದ್ರು ಅಂತ ಮಾಮ್ಸ್‌ಬರಿಯ ವಿಲಿಯಂ ಅನ್ನೋ ಸನ್ಯಾಸಿ ಇತಿಹಾಸಕಾರ ಬರೀತಾನೆ. ಅಂದ್ರೆ ಒಂದು ಕಾಲಕ್ಕೆ ಗೌರವದ್ದಾಗಿದ್ದ ಇಂಗ್ಲಿಷ್ ಹೆಸರು, ಇಂಗ್ಲೆಂಡಿನ ಅರಮನೆಯಲ್ಲೇ ಬೈಗುಳ ಆಗಿತ್ತು. ಇಂಗ್ಲಿಷ್ ಬಗ್ಗೆ ಕೀಳರಿಮೆ ಪಟ್ಟುಕೊಂಡಿರೋ ನಮ್ಮಂಥವರು ಈ ಸಾಲನ್ನ ಎರಡು ಸಲ ಓದಬೇಕು.

ಭಾಗ 4/7

ಸ್ವಲ್ಪ ನಗೋಣ. 1170ರ ದಶಕದ ಆರಂಭ, ನಾರ್ಮಂಡಿಯಲ್ಲಿ ಕ್ರಿಸ್ಮಸ್ ಔತಣ. ವಿಲಿಯಂ ಅನ್ನೋ ಹೆಸರಿನ ಇಬ್ಬರು ದೊಡ್ಡ ಮನುಷ್ಯರು, "ವಿಲಿಯಂ ಅಲ್ಲದೋರು ಯಾರೂ ಈ ಕೋಣೆಯಲ್ಲಿ ಊಟ ಮಾಡೋ ಹಾಗಿಲ್ಲ" ಅಂತ ಬೇರೆಯವರನ್ನೆಲ್ಲ ಹೊರಗೆ ಕಳಿಸಿದ್ರು. ಆಮೇಲೂ ಒಳಗೆ ಉಳಿದ ವಿಲಿಯಂಗಳು ನೂರಕ್ಕಿಂತ ಜಾಸ್ತಿ! ಅದೂ ನೈಟ್‌ಗಳನ್ನ ಮಾತ್ರ ಎಣಿಸಿದ್ರೆ.

ಈಗ ಒಂದು ಟ್ವಿಸ್ಟ್. ವಿಲಿಯಂ ಮೂಲದಲ್ಲಿ ಫ್ರೆಂಚ್ ಹೆಸರೂ ಅಲ್ಲ. ಅದು ಜರ್ಮಾನಿಕ್ ಹೆಸರು, ಹಳೇ ರೂಪ ವಿಲ್‌ಹೆಲ್ಮ್. ರಾಬರ್ಟ್, ರಿಚರ್ಡ್, ಹೆನ್ರಿ ಕೂಡ ಅಷ್ಟೇ. ಫ್ರಾನ್ಸಿನ ಜನ ತಮ್ಮ ರೋಮನ್ ಹೆಸರು ಬಿಟ್ಟು ಇಂಥವನ್ನ ಹಿಡಿದಿದ್ದು ಫ್ರಾಂಕ್ ಜನ ಅಲ್ಲಿ ಅಧಿಕಾರಕ್ಕೆ ಬಂದ ಮೇಲೆ. ಪ್ಯಾರಿಸ್ ಕಡೆ ಅದು ಗಿಯೋಮ್ ಆಯ್ತು, ನಾರ್ಮಂಡಿ ಕಡೆ "ವ" ಉಳೀತು. ಇಂಗ್ಲೆಂಡಿಗೆ ಬಂದಿದ್ದು ನಾರ್ಮಂಡಿಯ ಉಚ್ಚಾರಣೆ.

ಅಲ್ಲಿಗೆ ಲೆಕ್ಕ ಸ್ಪಷ್ಟ. ಹೆಸರು ಚೆಂದ ಅನ್ನಿಸೋಕೆ ಸದ್ದು ಒಂದೇ ಕಾರಣ ಅಲ್ಲ. ಆ ಹೆಸರು ಇಟ್ಟುಕೊಂಡವರ ಕೈಯಲ್ಲಿ ಏನಿದೆ ಅನ್ನೋದೂ ಕಾರಣ.

ಭಾಗ 5/7

ಗಾಳಿ ತಿರುಗಿದ್ರೆ? ಅದನ್ನೂ ನೋಡೋಣ.

18ನೇ ಶತಮಾನದ ಆರಂಭದಲ್ಲಿ ಅಪೋಲೋ ರಿವಾರ್ ಅನ್ನೋ ಫ್ರೆಂಚ್ ಪ್ರಾಟೆಸ್ಟೆಂಟ್ ಹುಡುಗ ಬಾಸ್ಟನ್‌ಗೆ ಬಂದು ಬೆಳ್ಳಿ ಕೆಲಸ ಕಲಿತ. ಅಲ್ಲಿ ಇಂಗ್ಲಿಷರದ್ದೇ ರಾಜ್ಯ. ಅವರ ನಾಲಿಗೆಗೆ ಸಲೀಸಾಗಲಿ ಅಂತ ಪಾಲ್ ರಿವಿಯರ್ ಆದ. ಅವನ ಮಗನಿಗೂ ಅದೇ ಹೆಸರು. ಆ ಮಗನೇ 1775ರಲ್ಲಿ ಬ್ರಿಟಿಷ್ ಸೈನ್ಯ ಬರ್ತಿದೆ ಅಂತ ರಾತ್ರಿ ಕುದುರೆ ಏರಿ ಎಚ್ಚರಿಸಿದ ಅಮೆರಿಕದ ಹೀರೋ.

ಲೂಸಿಯಾನಾದಲ್ಲಿ ಕಥೆ ಇನ್ನೂ ಕಹಿ. ಮೊದಲು ಫ್ರೆಂಚರ ವಸಾಹತು, ತಲೆಮಾರುಗಳಿಂದ ಫ್ರೆಂಚ್ ಮಾತಾಡೋ ಜನ. 1921ರಲ್ಲಿ ಆ ರಾಜ್ಯದ ಸಂವಿಧಾನವೇ ಶಾಲೆಯಲ್ಲಿ ಪಾಠ ಇಂಗ್ಲಿಷಲ್ಲೇ ನಡೀಬೇಕು ಅಂದಿತು. ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆ. ಇನ್ನು ಫ್ರೆಂಚ್ ಮಾತಾಡಲ್ಲ ಅಂತ ಸಾಲು ಸಾಲಾಗಿ ಬರೆಸ್ತಿದ್ರು. ಆ ಮಕ್ಕಳು ದೊಡ್ಡವರಾದಾಗ ತಮ್ಮ ಮಕ್ಕಳ ಜೊತೆ ಫ್ರೆಂಚ್ ಮಾತಾಡೋದನ್ನೇ ನಿಲ್ಲಿಸಿದ್ರು. ಅದನ್ನು ಉಳಿಸೋಕೆ ರಾಜ್ಯ ಸರ್ಕಾರವೇ ಒಂದು ಮಂಡಳಿ ಮಾಡಿದ್ದು 1968ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಉಳಿದಿದ್ದು ಹೆಸರಷ್ಟೇ.

ಅದನ್ನಾದರೂ ಸರಿಯಾಗಿ ಬರೆದ್ರಾ?

ಭಾಗ 6/7

ಬಿಯಾನ್ಸೆ ಗೊತ್ತಲ್ವಾ? 1981ರಲ್ಲಿ ಟೆಕ್ಸಾಸಿನ ಹ್ಯೂಸ್ಟನ್‌ನಲ್ಲಿ ಹುಟ್ಟಿದವಳು. ಅದು ಅವಳ ಅಮ್ಮ ಟೀನಾ ನೋಲ್ಸ್ ಅವರ ತವರುಮನೆ ಹೆಸರು. ಲೂಸಿಯಾನಾ ಮೂಲದ, ಫ್ರೆಂಚ್ ಹೆಸರುಗಳ ಕಪ್ಪು ಕ್ರಿಯೋಲ್ ಕುಟುಂಬ. ಮನೆತನದ ಹೆಸರು ಮಗಳ ಜೊತೆ ಉಳೀಲಿ ಅಂತ ಅದನ್ನೇ ಇಟ್ರು.

2020ರಲ್ಲಿ ಟೀನಾ ಒಂದು ಪಾಡ್‌ಕಾಸ್ಟ್‌ನಲ್ಲಿ ಹೇಳಿದ್ದು ಕೇಳಿ. ಅವರ ಒಡಹುಟ್ಟಿದವರ ಜನನ ಪತ್ರಗಳಲ್ಲಿ ಆ ಹೆಸರು ಒಬ್ಬೊಬ್ಬರಿಗೆ ಒಂದೊಂದು ಥರ, ಬಿಯಾನ್ಸೆ, ಬಿಯಿನ್ಸೆ ಅಂತ. ಯಾಕೆ ಸರಿ ಮಾಡಿಸಲಿಲ್ಲ ಅಂತ ಅಮ್ಮನನ್ನ ಕೇಳಿದ್ರಂತೆ. ಒಂದು ಸಲ ಕೇಳಿದ್ದೆ, ಜನನ ಪತ್ರ ಸಿಕ್ಕಿದ್ದೇ ಪುಣ್ಯ ಅಂದುಕೋ ಅಂತ ಹೇಳಿ ಕಳಿಸಿದ್ರು, ಅಂದ್ರಂತೆ ಅಮ್ಮ. ಕಪ್ಪು ಜನರಿಗೆ ಆ ಕಾಗದವೇ ಸಿಗದಿದ್ದ ಕಾಲವೂ ಇತ್ತು.

ಈ ಕಡೆ ಮಿಶೆಲ್, ನಿಕೋಲ್, ಡ್ಯಾನಿಯೆಲ್ ಅಂತ ಫ್ರೆಂಚ್ ಹೆಸರುಗಳು ಅಮೆರಿಕದಲ್ಲಿ ಮತ್ತೆ ಫ್ಯಾಷನ್ ಆಗಿದ್ವು. ಹೆಸರು ಓಕೆ, ಅಕ್ಷರದ ಮೇಲಿನ ಗೆರೆ ಓಕೆ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 1986ರಲ್ಲಿ ಜನ ಮತ ಹಾಕಿ ಇಂಗ್ಲಿಷನ್ನ ಅಧಿಕೃತ ಭಾಷೆ ಮಾಡಿದ್ರು. ಆಮೇಲೆ ಜನನ ಪತ್ರದಲ್ಲಿ 26 ಅಕ್ಷರ ಬಿಟ್ಟು ಬೇರೆ ಗುರುತಿಗೆ ಜಾಗ ಇಲ್ಲ ಅಂದ್ರು. ರೆನೇ ಅಂತ ಇಟ್ಟರೆ ಕೊನೆಯ ಗೆರೆ ಕಟ್. ಅದಕ್ಕೆ ಅವಕಾಶ ಕೊಡೋ ಮಸೂದೆ 2017ರಲ್ಲಿ ಪಾಸಾಯ್ತು. ಕಷ್ಟ ಮತ್ತು ದುಬಾರಿ ಅಂತ ಗವರ್ನರ್ ವೀಟೋ ಮಾಡಿದ್ರು.

ಭಾಗ 7/7

ಇದನ್ನೆಲ್ಲ ಯಾಕೆ ಬರೆದೆ ಅಂದ್ರೆ, ಟಾಸ್ಟಿಗ್ ಕಥೆ ಓದಿದಾಗ ನನಗೆ ನಮ್ಮ ಫಸ್ಟ್ ಇಯರ್ ಅಟೆಂಡೆನ್ಸ್ ನೆನಪಾಯ್ತು. ಒಬ್ಬನಿಗೆ ತಾತನ ಹೆಸರು, ಹಳ್ಳಿ ದೇವರ ಹೆಸರು. ಕರೆದಾಗಲೆಲ್ಲ ಹಿಂದಿನ ಬೆಂಚಿನಿಂದ ನಗು. ನಾನೂ ನಕ್ಕಿದ್ದೀನಿ. ಈಗ ಅವನ ಪ್ರೊಫೈಲ್‌ನಲ್ಲಿ ಬರೀ ಇನಿಷಿಯಲ್ಸ್ ಇದೆ. ನಾವು ಯಾವ ಕಾನೂನೂ ಮಾಡಿರಲಿಲ್ಲ. ವಿಟ್ಬಿಯ ಮಕ್ಕಳೂ ಮಾಡಿರಲಿಲ್ಲ.

ಆದ್ರೆ ಹೋದ ಹೆಸರು ವಾಪಸ್ ಬರಲ್ಲ ಅಂತೇನಿಲ್ಲ. 1239ರಲ್ಲಿ ಮೂರನೇ ಹೆನ್ರಿ ಹಳೇ ಇಂಗ್ಲಿಷ್ ರಾಜ ಸಂತ ಎಡ್ವರ್ಡ್ ಮೇಲಿನ ಭಕ್ತಿಯಿಂದ ತನ್ನ ಮಗನಿಗೆ ಎಡ್ವರ್ಡ್ ಅಂತ ಇಟ್ಟ. ಫ್ರೆಂಚ್ ಮಾತಾಡೋ ಅರಮನೆಯಲ್ಲಿ ಒಂದು ಇಂಗ್ಲಿಷ್ ಹೆಸರು! ಆ ಮಗು ರಾಜನಾಯ್ತು, ಆಮೇಲೆ ಆ ಹೆಸರು ಕೇಳಿ ಯಾರೂ ನಗಲಿಲ್ಲ.

ಅರಮನೆ ನಮ್ಮ ಹತ್ರ ಇಲ್ಲ. ಅಟೆಂಡೆನ್ಸ್ ಕರೆಯುವಾಗ ಸುಮ್ಮನೆ ಇರೋದು, ಹೆಸರನ್ನ ಪೂರ್ತಿ ಕರೆಯೋದು, ಇಷ್ಟು ನಮ್ಮ ಕೈಯಲ್ಲೇ ಇದೆ. ನಿನ್ನೆ ಅವನಿಗೆ ಮೆಸೇಜ್ ಮಾಡಿದೆ. ಇನಿಷಿಯಲ್ಸ್ ಅಲ್ಲ, ಪೂರ್ತಿ ಹೆಸರು ಬರೆದು ಸಾರಿ ಕೇಳಿದೆ. ಇನ್ನೂ ರಿಪ್ಲೈ ಬಂದಿಲ್ಲ. ಪರವಾಗಿಲ್ಲ, ಕಾಯ್ತೀನಿ.

ನಿಮ್ಮ ಹೆಸರು ಯಾರು ಇಟ್ಟಿದ್ದು, ಯಾಕೆ ಇಟ್ಟಿದ್ದು? ಕಾಮೆಂಟ್‌ನಲ್ಲಿ ಬರೀರಿ. ಎಲ್ಲಾ ಓದ್ತೀನಿ.

#ಹೆಸರಿನಕಥೆ #ಇತಿಹಾಸ #ಕನ್ನಡದಲ್ಲಿಇತಿಹಾಸ