ಕ್ಯಾಲಿಫೋರ್ನಿಯಾದ ಮಿಷನ್‌ಗಳು: ದಾಖಲೆ ಅವೇ, ಓದು ಬೇರೆ

1769ರ ಜುಲೈನಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ಹುನಿಪೆರೊ ಸೆರ್ರಾ ಸ್ಯಾನ್ ಡಿಯಾಗೊದಲ್ಲಿ ಶಿಲುಬೆ ನೆಟ್ಟರು. 1823ರಲ್ಲಿ ಸೊನೊಮಾದಲ್ಲಿ ಕೊನೆಯದು ತಲೆಯೆತ್ತುವ ಹೊತ್ತಿಗೆ ಕ್ಯಾಲಿಫೋರ್ನಿಯಾ ಕರಾವಳಿಯ ಉದ್ದಕ್ಕೂ 21 ಮಿಷನ್‌ಗಳಾಗಿದ್ದವು. ಮಿಷನ್ ಎಂದರೆ ಬರೀ ಚರ್ಚಲ್ಲ. ಹೊಲ, ದನದ ಹಿಂಡು, ಚರ್ಮ ಹದಮಾಡುವ ತೊಟ್ಟಿ, ಮಗ್ಗದ ಮನೆ ಎಲ್ಲವೂ ಅಲ್ಲಿದ್ದವು, ದುಡಿಯುವವರು ಮೂಲನಿವಾಸಿಗಳು. ಒಮ್ಮೆ ಜ್ಞಾನಸ್ನಾನವಾಯಿತೆಂದರೆ ಅಪ್ಪಣೆಯಿಲ್ಲದೆ ಊರಿಗೆ ಮರಳುವಂತಿರಲಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು, ಛಡಿಯೇಟು ಬೀಳುತ್ತಿತ್ತು. ಮದುವೆಯಾಗದ ಹೆಣ್ಣುಮಕ್ಕಳನ್ನು ರಾತ್ರಿ ಒಂದೇ ಕೋಣೆಯಲ್ಲಿ ಕೂಡಿ ಬೀಗ ಹಾಕುತ್ತಿದ್ದರು. 1830ರ ದಶಕದಲ್ಲಿ, ಸ್ಪೇನಿನ ನಂತರ ಅಲ್ಲಿ ಆಳಿದ ಮೆಕ್ಸಿಕೊ ಸರ್ಕಾರ ಈ ವ್ಯವಸ್ಥೆಯನ್ನು ಮುರಿದು ಆಸ್ತಿ ಹಂಚಲು ಹೊರಟಾಗ ಹೆಚ್ಚಿನ ಭೂಮಿ ಸೇರಿದ್ದು ವಲಸಿಗ ಜಮೀನ್ದಾರರ ಕೈಗೆ.

ಈ ಚರಿತ್ರೆಯ ಅಧ್ಯಯನ ಬಹುಕಾಲ ಪಾದ್ರಿಗಳ ಸುತ್ತಲೇ ಸುತ್ತಿತು. ಹೆಲೆನ್ ಹಂಟ್ ಜಾಕ್ಸನ್ 1884ರಲ್ಲಿ 'ರಮೋನಾ' ಕಾದಂಬರಿ ಬರೆದದ್ದು ಮೂಲನಿವಾಸಿಗಳಿಗೆ ಆದ ಅನ್ಯಾಯವನ್ನು ಹೇಳಲು. ಓದುಗರು ಎದೆಗವಚಿಕೊಂಡದ್ದು ಮಾತ್ರ ಹಳೆಯ ಮಿಷನ್‌ಗಳ ರಮ್ಯ ಚಿತ್ರವನ್ನು. ತಾವೇ ಫ್ರಾನ್ಸಿಸ್ಕನ್ ಆಗಿದ್ದ ಝೆಫಿರಿನ್ ಎಂಗಲ್‌ಹಾರ್ಟ್ 1908ರಿಂದ 1915ರವರೆಗೆ ಹೊರತಂದ ದೊಡ್ಡ ಇತಿಹಾಸ ಪಾದ್ರಿಗಳ ಪರ ವಕಾಲತ್ತು ವಹಿಸಿತು. 1917ರಲ್ಲಿ ಹರ್ಬರ್ಟ್ ಬೋಲ್ಟನ್ ಬರೆದ ಪ್ರಬಂಧ ಚರ್ಚೆಯನ್ನು ಭಕ್ತಿಯಿಂದ ಆಡಳಿತದತ್ತ ತಿರುಗಿಸಿತು: ಗಡಿಯನ್ನು ವಿಸ್ತರಿಸಲು, ಹಿಡಿದಿಟ್ಟುಕೊಳ್ಳಲು ಸ್ಪೇನ್ ಬಳಸಿದ ಸಾಧನವೇ ಮಿಷನ್ ಎಂದರು. ಒಳನೋಟ ದೊಡ್ಡದು. ಆದರೆ ಆ ಬರಹದಲ್ಲೂ ಮೂಲನಿವಾಸಿ ತಿದ್ದಿಸಿಕೊಳ್ಳುವವನೇ ಹೊರತು ತಾನಾಗಿ ಏನನ್ನೂ ಮಾಡುವವನಲ್ಲ.

ನಿಜವಾದ ತಿರುವು ಬಂದದ್ದು ಇತಿಹಾಸಕಾರರಿಂದಲ್ಲ, ಬರ್ಕ್ಲಿಯ ಶರೀರಶಾಸ್ತ್ರಜ್ಞ ಶೆರ್ಬರ್ನ್ ಕುಕ್ ಅವರಿಂದ. ಪಾದ್ರಿಗಳ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುವುದನ್ನು ಬಿಟ್ಟು, ಎಷ್ಟು ಜನ ಹುಟ್ಟಿದರು, ಎಷ್ಟು ಜನ ಸತ್ತರು ಎಂದು 1943ರ ತಮ್ಮ ಅಧ್ಯಯನದಲ್ಲಿ ಅವರು ಎಣಿಸಿದರು. ಸಿಫಿಲಿಸ್, ಆಮಶಂಕೆ, 1806ರ ದಡಾರ, ಉಸಿರುಕಟ್ಟುವ ವಸತಿ: ಮಿಷನ್‌ಗಳಲ್ಲಿ ಹುಟ್ಟಿಗಿಂತ ಸಾವೇ ಹೆಚ್ಚಿತ್ತು. ಹೊರಗಿನಿಂದ ಹೊಸಬರನ್ನು ಕರೆತರುತ್ತಿದ್ದುದರಿಂದಲೇ ಮಿಷನ್‌ಗಳು ತುಂಬಿರುತ್ತಿದ್ದವು. ಆ ಲೆಕ್ಕವನ್ನು ಮುಂದೆ ಯಾರಿಗೂ ಪಕ್ಕಕ್ಕಿಡಲಾಗಲಿಲ್ಲ.

ಸೆರ್ರಾಗೆ ಸಂತಪದವಿ ನೀಡುವ ಪ್ರಕ್ರಿಯೆ ಚುರುಕಾದಾಗ ಜಗಳ ಬೀದಿಗೆ ಬಂತು. 1987ರಲ್ಲಿ ರೂಪರ್ಟ್ ಕಾಸ್ಟೊ, ಜೆನೆಟ್ ಹೆನ್ರಿ ಕಾಸ್ಟೊ ದಂಪತಿ ಹೊರತಂದ ಪುಸ್ತಕ ಮಿಷನ್‌ಗಳದ್ದು ನರಮೇಧದ ಪರಂಪರೆ ಎಂದು ನೇರವಾಗಿ ಹೇಳಿತು. ಸಂತನೋ ಕೊಲೆಗಾರನೋ ಎಂಬ ವಾಗ್ವಾದ ಸಂಶೋಧನೆಯನ್ನು ಒಂದಷ್ಟು ಕಾಲ ಇಕ್ಕಟ್ಟಿಗೆ ಸಿಲುಕಿಸಿತು ಎನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಮಿಷನ್ ಜನರ ವಂಶಸ್ಥರು ಇನ್ನೂ ಬದುಕಿದ್ದಾರೆ, ಅವರಿಗೂ ಹೇಳುವುದಿದೆ ಎಂಬುದನ್ನು ವಿದ್ವತ್ ಲೋಕದ ಮುಂದಿಟ್ಟದ್ದು ಆ ಗದ್ದಲವೇ.

ಆಮೇಲಿನ ಕೆಲಸದ ಬಗೆ ತಿಳಿಯಲು ಟೊಯ್ಪುರಿನಾಳ ಪ್ರಕರಣ ನೋಡಬೇಕು. 1785ರ ಅಕ್ಟೋಬರ್‌ನಲ್ಲಿ ಸ್ಯಾನ್ ಗೇಬ್ರಿಯಲ್ ಮಿಷನ್ ಮೇಲೆ ದಾಳಿಗೆ ಹೊಂಚು ನಡೆಯಿತು. ಸುದ್ದಿ ಮೊದಲೇ ಸೋರಿ ಹಲವರು ಸಿಕ್ಕಿಬಿದ್ದರು. ಸಿಕ್ಕವರಲ್ಲಿ ಹತ್ತಿರದ ಹಳ್ಳಿಯ ಟೊಂಗ್ವಾ ತರುಣಿ ಟೊಯ್ಪುರಿನಾ ಒಬ್ಬಳು. 1958ರಲ್ಲಿ ಥಾಮಸ್ ಟೆಂಪಲ್ ಬರೆದ ಲೇಖನ ಅವಳನ್ನು ಮಾಟಗಾತಿಯಾಗಿ ಚಿತ್ರಿಸಿ, ಅವಳ ಬಾಯಲ್ಲಿ ವೀರಾವೇಶದ ಮಾತು ತುಂಬಿತು. ದಶಕಗಳ ಕಾಲ ಎಲ್ಲರೂ ಅದನ್ನೇ ಎತ್ತಿ ಬರೆದರು. ಇತಿಹಾಸಕಾರ ಸ್ಟೀವನ್ ಹ್ಯಾಕಲ್ ಮೂಲ ವಿಚಾರಣೆಯ ಕಾಗದಗಳಿಗೇ ಹೋಗಿ, 2003ರಲ್ಲಿ ಬೇರೆಯೇ ಕಥೆಯನ್ನು ಮುಂದಿಟ್ಟರು. ದಾಳಿಗೆ ಮೊದಲು ಹವಣಿಸಿದವನು ನಿಕೊಲಾಸ್ ಹೊಸೆ, ಮಿಷನ್ನಿನೊಳಗೇ ವರ್ಷಗಟ್ಟಲೆ ಬಾಳಿದ ಕ್ರೈಸ್ತ. ಸತ್ತವರಿಗಾಗಿ ಮಾಡುವ ಕುಣಿತ, ಆಚರಣೆಗಳನ್ನು ನಿಷೇಧಿಸಿದ್ದು ಅವನನ್ನು ಕೆರಳಿಸಿತ್ತು. ಮಣಿಗಳ ಕಾಣಿಕೆ ಕೊಟ್ಟು ಟೊಯ್ಪುರಿನಾಳ ನೆರವು ಕೇಳಿದವನು ಅವನೇ. ದುಭಾಷಿಯ ಮೂಲಕ ಅವಳು ಕೊಟ್ಟ ಉತ್ತರ ಚಿಕ್ಕದು: ಪಾದ್ರಿಗಳೂ ಮಿಷನ್ನಿನವರೂ ತಮ್ಮ ನೆಲದಲ್ಲಿ ಬಂದು ಕೂತಿದ್ದಾರೆ, ಅದಕ್ಕೇ ಸಿಟ್ಟು. ಟೆಂಪಲ್ ಹೊಸೆದ ಭಾಷಣಕ್ಕಿಂತ ಈ ಮಾತಿನ ತೂಕ ಹೆಚ್ಚು. ಅವಳು 1787ರಲ್ಲಿ ಜ್ಞಾನಸ್ನಾನ ಪಡೆದಳು, ಸ್ಪ್ಯಾನಿಷ್ ಸೈನಿಕನೊಬ್ಬನನ್ನು ಮದುವೆಯಾದಳು, 1799ರಲ್ಲಿ ತೀರಿಕೊಂಡಳು. ಬಂಡಾಯಗಾರ್ತಿ, ಮತಾಂತರಗೊಂಡವಳು ಎಂಬ ಎರಡು ಖಾನೆಗಳಲ್ಲಿ ಯಾವುದರಲ್ಲೂ ಈ ಬಾಳು ಪೂರ್ತಿ ಹಿಡಿಸುವುದಿಲ್ಲ.

ಕುಕ್ ಮೊತ್ತವಾಗಿ ಕೂಡಿಸಿದ್ದನ್ನು ಮುಂದಿನವರು ಒಬ್ಬೊಬ್ಬರಾಗಿ ಬಿಡಿಸಿದರು. ಹ್ಯಾಕಲ್ ನೇತೃತ್ವದಲ್ಲಿ ಹಂಟಿಂಗ್ಟನ್ ಗ್ರಂಥಾಲಯ 2006ರಲ್ಲಿ ತೆರೆದಿಟ್ಟ ದತ್ತಾಂಶ ಸಂಗ್ರಹದಲ್ಲಿ 1 ಲಕ್ಷಕ್ಕೂ ಹೆಚ್ಚು ಜ್ಞಾನಸ್ನಾನಗಳ ನಮೂದುಗಳಿವೆ, ಜೊತೆಗೆ ಮದುವೆ, ಸಮಾಧಿಯ ವಿವರಗಳೂ ಇವೆ. ಯಾವ ಹಳ್ಳಿಯಿಂದ ಬಂದವರು, ಯಾರ ಮಗಳು, ಯಾವಾಗ ಸತ್ತಳು ಎಂದು ಹುಡುಕಬಹುದು. ತಮ್ಮ ಅಜ್ಜ ಮುತ್ತಜ್ಜಿಯರನ್ನು ಹುಡುಕುವ ಕುಟುಂಬಗಳಿಗೂ ಅದು ಆಧಾರ.

ಕಾಗದ ಹೇಳದ್ದನ್ನು ಮಣ್ಣು ಹೇಳಿತು. ಮಿಷನ್‌ಗಳ ಮೂಲನಿವಾಸಿ ವಸತಿಗಳನ್ನು ಅಗೆದಾಗ ಚಿಪ್ಪಿನ ಮಣಿಗಳೂ ಜ್ವಾಲಾಮುಖಿ ಗಾಜಿನ ಚೂರುಗಳೂ ಸಿಕ್ಕಿವೆ. ಹಳೆಯ ವ್ಯಾಪಾರದ ಹಾದಿಗಳು ಕಡಿದುಹೋಗಿರಲಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಲೀ ಪ್ಯಾನಿಕ್, ಸಿಮ್ ಶ್ನೈಡರ್ ಅವರಂಥ ಪುರಾತತ್ತ್ವಜ್ಞರು ಈಗ ಮಿಷನ್ ಗೋಡೆಯಾಚೆಯ ಜೌಗು, ಬೆಟ್ಟ, ಕೊಲ್ಲಿಗಳನ್ನೂ ಸೇರಿಸಿಯೇ ಈ ಚರಿತ್ರೆಯನ್ನು ಬರೆಯುತ್ತಾರೆ.

ಮೂಲನಿವಾಸಿಯೇ ಬರೆದ ಬರಹವೂ ಇದೆ. ಸ್ಯಾನ್ ಲೂಯಿಸ್ ರೇ ಮಿಷನ್‌ನಲ್ಲಿ 1822ರಲ್ಲಿ ಹುಟ್ಟಿದ ಲುಯಿಸೆನ್ಯೊ ಹುಡುಗ ಪಾಬ್ಲೊ ಟಾಕ್ ಓದಲು ರೋಮ್‌ಗೆ ಹೋದ, 1841ರಲ್ಲಿ ಅಲ್ಲೇ ತೀರಿಕೊಂಡ. ತನ್ನ ಭಾಷೆಗೊಂದು ವ್ಯಾಕರಣವನ್ನೂ ಮಿಷನ್ ಬದುಕಿನ ವೃತ್ತಾಂತವನ್ನೂ ಬರೆದಿಟ್ಟಿದ್ದ. ಅದರಲ್ಲಿ ಪಾದ್ರಿ ಅರಸನಂತಿದ್ದಾನೆ. ಸ್ಪ್ಯಾನಿಷರು ಮೊದಲು ಬಂದಾಗ ಏನು ಹುಡುಕಿಕೊಂಡು ಬಂದಿರಿ, ಹೊರಡಿ ಎಂದು ಜಬರಿಸಿದ ನಾಯಕನೂ ಇದ್ದಾನೆ. ಬಹುಕಾಲ ಇದನ್ನು ವಿಧೇಯ ಶಿಷ್ಯನ ಬರಹವೆಂದೇ ಓದಿದರು. ಲಿಸ್ಬೆತ್ ಹಾಸ್ 2011ರಲ್ಲಿ ಅವನನ್ನು ಒಬ್ಬ ಮೂಲನಿವಾಸಿ ವಿದ್ವಾಂಸನೆಂದೇ ಕರೆದು ಅವನ ಬರಹಗಳನ್ನು ಪ್ರಕಟಿಸಿದರು. 2013ರಲ್ಲಿ ಮಿಷನ್ ಜನರ ವಂಶಸ್ಥೆ ಡೆಬೊರಾ ಮಿರಾಂಡಾ ತಮ್ಮ ಮನೆತನದ ಕಥೆಯನ್ನೂ ಮಿಷನ್ ಕಡತಗಳನ್ನೂ ಒಂದೇ ಪುಸ್ತಕದಲ್ಲಿ ಹೆಣೆದರು.

2015ರಲ್ಲಿ ಪೋಪ್ ಫ್ರಾನ್ಸಿಸ್ ಸೆರ್ರಾಗೆ ಸಂತಪದವಿ ನೀಡಿದರು. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲಿಸ್, ಸ್ಯಾಕ್ರಮೆಂಟೊಗಳಲ್ಲಿ ಅವರ ಪ್ರತಿಮೆಗಳು ಉರುಳಿದವು. ಆ ಗದ್ದಲದಾಚೆ ಮುಟ್ಸುನ್ ಎಂಬ ಮೂಲನಿವಾಸಿ ಜನ ಬೇರೊಂದು ಕೆಲಸದಲ್ಲಿ ತೊಡಗಿದ್ದಾರೆ. ಸ್ಯಾನ್ ಹುವಾನ್ ಬಟಿಸ್ಟಾ ಮಿಷನ್‌ನ ಪಾದ್ರಿ ಅರೊಯೊ ದೆ ಲಾ ಕ್ವೆಸ್ತಾ ಧರ್ಮಪ್ರಚಾರಕ್ಕೆಂದು ಬರೆದಿಟ್ಟ ಪದಗಳು, ವಾಕ್ಯಗಳನ್ನೂ ಆ ಭಾಷೆ ಬಲ್ಲ, 1930ರಲ್ಲಿ ತೀರಿಕೊಂಡ ಅಸೆನ್ಸಿಯೊನ್ ಸೊಲೊರ್ಸಾನೊ ಅವರಿಂದ ಬರೆದುಕೊಂಡ ಟಿಪ್ಪಣಿಗಳನ್ನೂ ಆಧರಿಸಿ, ಭಾಷಾಶಾಸ್ತ್ರಜ್ಞರ ಜೊತೆ ಸೇರಿ ನಿಘಂಟು ಸಿದ್ಧಪಡಿಸಿಕೊಂಡು, ತಮ್ಮ ಭಾಷೆಯನ್ನು ಮತ್ತೆ ಕಲಿಯುತ್ತಿದ್ದಾರೆ.