ಮೂತ್ರಪಿಂಡವೂ ನೀರಿನ ಪಥ್ಯವೂ

1924ನೆಯ ಇಸವಿಯ ಜನವರಿ 12ರ ರಾತ್ರಿ, ಯೆರವಡಾ ಕಾರಾಗೃಹದಿಂದ ಪುಣೆಯ ಸಸೂನ್ ಆಸ್ಪತ್ರೆಗೆ ಕರೆತರಲ್ಪಟ್ಟ ಮಹಾತ್ಮ ಗಾಂಧಿಯವರಿಗೆ ಕರ್ನಲ್ ಮ್ಯಾಡಕ್ ಅವರು ಅಪೆಂಡಿಕ್ಸಿನ ಶಸ್ತ್ರಕ್ರಿಯೆಯನ್ನು ನಡೆಸುತ್ತಿದ್ದಾಗ, ವಿದ್ಯುದ್ದೀಪವು ನಂದಿ, ದಾದಿಯು ಹಿಡಿದಿದ್ದ ಬ್ಯಾಟರಿಯೂ ಕೈಕೊಟ್ಟು, ಕಡೆಗೆ ಲಾಂದ್ರದ ಬೆಳಕಿನಲ್ಲಿ ಕೆಲಸವು ಪೂರೈಸಿತೆಂಬ ವೃತ್ತಾಂತವು ಸುಪ್ರಸಿದ್ಧವಾಗಿದೆ. ಡೇವಿಡ್ ಸಸೂನರ ದಾನದಿಂದ ನಿರ್ಮಿತವಾಗಿ 1867ರಲ್ಲಿ ತೆರೆದ ಆ ಆಸ್ಪತ್ರೆಯಲ್ಲಿ ಅಂದು ಕತ್ತಲೆಯಾದದ್ದು ಕೊಠಡಿಗೆ ಮಾತ್ರವಲ್ಲ; ರೋಗಿಯ ಉದರದೊಳಗೂ ವೈದ್ಯನಿಗೆ ಬೆಳಕಿರಲಿಲ್ಲ. ರಾಂಟ್ಜನ್ನನು 1895ರಲ್ಲಿ ಕಂಡುಹಿಡಿದ ಕ್ಷ-ಕಿರಣವು ಎಲುಬನ್ನು ಸ್ಪಷ್ಟವಾಗಿ ತೋರಿಸುತ್ತಿತ್ತೇ ಹೊರತು ಮೂತ್ರಪಿಂಡ, ರಕ್ತನಾಳ ಮುಂತಾದ ಮೃದು ಅವಯವಗಳನ್ನು ಒಂದರಿಂದೊಂದು ಬೇರ್ಪಡಿಸಿ ತೋರಿಸಲು ಸಮರ್ಥವಾಗಿರಲಿಲ್ಲ.

ಅದಕ್ಕೆ ಹಿಂದಿನ ವರ್ಷವಷ್ಟೇ, 1923ರಲ್ಲಿ, ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ಉಪದಂಶ ರೋಗಿಗಳಿಗೆ ಔಷಧವಾಗಿ ಕೊಡುತ್ತಿದ್ದ ಸೋಡಿಯಂ ಅಯೊಡೈಡ್ ಮೂತ್ರಕೋಶವನ್ನು ಸೇರಿ ಕ್ಷ-ಕಿರಣದ ಫಲಕದ ಮೇಲೆ ಬಿಳುಪಾಗಿ ಮೂಡುವುದನ್ನು ಆಸ್ಬರ್ನ್ ಮತ್ತು ಅವರ ಸಹೋದ್ಯೋಗಿಗಳು ಗಮನಿಸಿದ್ದರು. ಭಾರವಾದ ಅಯೊಡಿನ್ ಪರಮಾಣುವು ಕಿರಣವನ್ನು ತಡೆಯುತ್ತದೆ. ಮೂತ್ರಪಿಂಡವು ಆ ಲವಣವನ್ನು ರಕ್ತದಿಂದ ಹೊರದೂಡುತ್ತದೆ. ಆದ್ದರಿಂದ ಯಾವ ಅವಯವವನ್ನು ನೋಡಬೇಕೋ ಅದರ ಮೂಲಕವೇ ಈ ‘ಡೈ’ (ಚಿತ್ರದಲ್ಲಿ ಎದ್ದುಕಾಣುವ ದ್ರವ್ಯ) ಹಾದುಹೋಗುವುದೆಂಬುದು ಈ ವಿದ್ಯೆಯ ಸೌಲಭ್ಯವೂ ಹೌದು, ಅದರ ಆಪತ್ತೂ ಹೌದು. 1929ರಲ್ಲಿ ಮೋಸೆಸ್ ಸ್ವಿಕ್ ಎಂಬ ತರುಣ ಅಮೆರಿಕನ್ ವೈದ್ಯನು ಬರ್ಲಿನ್ನಿನಲ್ಲಿ ಯೂರೋಸೆಲೆಕ್ಟಾನ್ ಎಂಬ ದ್ರವದಿಂದ ಮೂತ್ರಮಾರ್ಗದ ಚಿತ್ರವನ್ನು ಯಶಸ್ವಿಯಾಗಿ ಪಡೆದನು. ಅದರ ಕೀರ್ತಿಗಾಗಿ ಸ್ವಿಕ್‌ಗೂ ಬರ್ಲಿನ್ನಿನ ಅವನ ಗುರುವಿಗೂ ನಡೆದ ವ್ಯಾಜ್ಯವು ಮಾತ್ರ ದಶಕಗಳ ಕಾಲ ಎಳೆಯಿತು.

ಇಲ್ಲಿಂದ ಮುಂದಿನದು ನನ್ನ ದೃಷ್ಟಿಯಲ್ಲಿ ವೈದ್ಯಶಾಸ್ತ್ರದ ವಿಚಿತ್ರ ಪ್ರಕರಣಗಳಲ್ಲೊಂದು. ಮೂತ್ರವು ಗಾಢವಾದಷ್ಟೂ ಚಿತ್ರವು ನಿಚ್ಚಳವಾಗುವುದೆಂಬ ತರ್ಕದಿಂದ, ಪರೀಕ್ಷೆಗೆ ಬರುವ ರೋಗಿಗೆ ಹಿಂದಿನ ರಾತ್ರಿಯಿಂದಲೇ ನೀರನ್ನು ನಿಷೇಧಿಸಿ, ಭೇದಿಯ ಔಷಧವನ್ನೂ ಕುಡಿಸಿ, ದಾಹದಿಂದ ಬಳಲಿಸಿ ಮೇಜಿನ ಮೇಲೆ ಮಲಗಿಸುವ ಪದ್ಧತಿಯು ಬಹುಕಾಲ ರೂಢಿಯಲ್ಲಿತ್ತು. ತರ್ಕದಲ್ಲಿ ದೋಷವಿರಲಿಲ್ಲ, ಚಿತ್ರಕ್ಕೆ ಹಿತವಾದದ್ದು ರೋಗಿಗೂ ಹಿತವೆಂಬ ಊಹೆಯಲ್ಲಿ ದೋಷವಿತ್ತು. 1954ರಲ್ಲಿ ಮಜ್ಜೆಯ ಅರ್ಬುದವುಳ್ಳ ರೋಗಿಯೊಬ್ಬನಿಗೆ ಇಂತಹ ಪರೀಕ್ಷೆಯ ತರುವಾಯ ಮೂತ್ರವೇ ನಿಂತುಹೋದುದನ್ನು ಬಾರ್ಟೆಲ್ಸ್ ಮತ್ತು ಸಂಗಡಿಗರು ವರದಿ ಮಾಡಿದರು. ಮಧುಮೇಹಿಗಳಲ್ಲಿಯೂ ಇದೇ ಬಗೆಯ ಅನಾಹುತಗಳು ಕ್ರಮೇಣ ಬೆಳಕಿಗೆ ಬಂದವು. ಆ ಕಾಲದ ಅಯೊಡಿನ್ ಲವಣಗಳ ಸಾಂದ್ರತೆಯು ರಕ್ತದ ಐದಾರು ಪಾಲಿಗೂ ಮಿಕ್ಕಿತ್ತು. ಸ್ವೀಡನ್ನಿನ ಟಾರ್ಸ್ಟನ್ ಆಲ್ಮೆನ್ ಎಂಬ ವೈದ್ಯನು, ಉಪ್ಪು ಕಡಿಮೆಯಿರುವ ಬಾಲ್ಟಿಕ್ ನೀರಿನಲ್ಲಿ ಕಣ್ಣು ತೆರೆದರೆ ಉರಿಯದೆ, ಉಪ್ಪು ಹೆಚ್ಚಿರುವ ಸಮುದ್ರದ ನೀರಿನಲ್ಲಿ ಉರಿಯುವುದನ್ನು ನೆನೆದು, ಸಾಂದ್ರತೆಯನ್ನು ತಗ್ಗಿಸಿದರೆ ರಕ್ತನಾಳದ ಬಾಧೆಯೂ ತಗ್ಗೀತೆಂದು 1960ರ ದಶಕದ ಕೊನೆಯಲ್ಲಿ ಪ್ರತಿಪಾದಿಸಿದನು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಅಯೊಹೆಕ್ಸಾಲ್ ಆ ಚಿಂತನೆಯ ಫಲ.

ಇತ್ತ ಪುಣೆಯಲ್ಲಿ ಹೃದ್ರೋಗತಜ್ಞ ಡಾ. ಕೆ. ಬಿ. ಗ್ರ್ಯಾಂಟ್ ಅವರು 1959ರಲ್ಲಿ ರೂಬಿ ಹಾಲ್ ಕ್ಲಿನಿಕ್ಕನ್ನು ಸ್ಥಾಪಿಸಿದರು. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳು 1956ರ ವರೆಗೆ ಮುಂಬಯಿ ಪ್ರಾಂತ್ಯಕ್ಕೇ ಸೇರಿದ್ದವಾದುದರಿಂದ, ದೊಡ್ಡ ಕಾಯಿಲೆಗೆ ಪುಣೆಯ ರೈಲು ಹತ್ತುವುದು ಆ ಕಡೆಯ ಕನ್ನಡಿಗರಿಗೆ ಹೊಸ ಮಾತಲ್ಲ. ಹೃದಯದ ನಾಳಗಳಿಗೆ ಡೈ ಹಾಕಿ ನೋಡುವ ಆಂಜಿಯೋಗ್ರಫಿಯು ರೂಢಿಗೆ ಬಂದಂತೆ, ಹೃದಯದ ಜೊತೆಗೆ ಸಕ್ಕರೆಕಾಯಿಲೆಯೂ ಸೊರಗಿದ ಮೂತ್ರಪಿಂಡವೂ ಉಳ್ಳ ರೋಗಿಯೇ ಎಲ್ಲೆಡೆಯೂ ವೈದ್ಯರ ಮುಖ್ಯ ಚಿಂತೆಯಾದನು.

ಆಗ ಪಥ್ಯವು ತಲೆಕೆಳಗಾಯಿತು. 1994ರಲ್ಲಿ ಸಾಲೊಮನ್ ಮತ್ತು ಸಂಗಡಿಗರು 78 ಮಂದಿ ರೋಗಿಗಳಲ್ಲಿ ಪರೀಕ್ಷಿಸಿ, ಕೇವಲ ಸಲೈನ್ (ರಕ್ತನಾಳದ ಮೂಲಕ ಉಪ್ಪುನೀರು) ಕೊಟ್ಟವರಲ್ಲಿ ಶೇಕಡ 11 ಮಂದಿಗೆ ಮಾತ್ರ ಮೂತ್ರಪಿಂಡಕ್ಕೆ ಹಾನಿಯಾಯಿತೆಂದೂ, ಅದರೊಡನೆ ಮೂತ್ರ ಹೆಚ್ಚಿಸುವ ಫ್ಯುರೊಸೆಮೈಡನ್ನೂ ಕೊಟ್ಟವರಲ್ಲಿ ಅದು ಶೇಕಡ 40ಕ್ಕೆ ಏರಿತೆಂದೂ ತೋರಿಸಿದರು. ದಾಹವನ್ನು ವಿಧಿಸಿದ ಶಾಸ್ತ್ರವೇ ನೀರನ್ನು ವಿಧಿಸಿತು. ಬಳಿಕ 2000ದಲ್ಲಿ, ಕಫವನ್ನು ಕರಗಿಸುವ ಅಗ್ಗದ ಔಷಧವಾದ ಅಸಿಟೈಲ್‌ಸಿಸ್ಟೀನ್ 83 ಮಂದಿಯ ಪ್ರಯೋಗವೊಂದರಲ್ಲಿ ಅದ್ಭುತ ಫಲವನ್ನು ಕೊಟ್ಟಿತೆಂದು ಪ್ರಕಟವಾದುದೇ ತಡ, ಜಗತ್ತಿನ ವೈದ್ಯರೆಲ್ಲ ಅದನ್ನು ಬರೆದುಕೊಡತೊಡಗಿದರು. ಅಗ್ಗವೂ ನಿರಪಾಯವೂ ಆದುದನ್ನು ಸಂದೇಹಿಸುವವರು ವಿರಳ. 2018ರಲ್ಲಿ ಸುಮಾರು 5000 ಮಂದಿಯ ದೊಡ್ಡ ಪ್ರಯೋಗವು ಅದರಿಂದಾಗಲಿ, ಸಾಮಾನ್ಯ ಸಲೈನಿನ ಬದಲು ಸೋಡಿಯಂ ಬೈಕಾರ್ಬೊನೇಟಿನಿಂದಾಗಲಿ ವಿಶೇಷ ಪ್ರಯೋಜನವಿಲ್ಲವೆಂದು ತೋರಿಸಿಕೊಟ್ಟಿತು. ಅದರ ಹಿಂದಿನ ವರ್ಷ ನೆದರ್ಲೆಂಡ್ಸಿನ 660 ಮಂದಿಯ ಅಧ್ಯಯನವು, ಮೂತ್ರಪಿಂಡದ ಶಕ್ತಿ ಮಧ್ಯಮವಾಗಿ ಕುಂದಿದವರಿಗೆ ಸಲೈನ್ ಕೊಡದಿದ್ದರೂ ಹೆಚ್ಚಿನ ಕೇಡಿಲ್ಲವೆಂದು ಹೇಳಿತ್ತು. ಇಷ್ಟಕ್ಕೂ ಹಳೆಯ ಅಧ್ಯಯನಗಳಲ್ಲಿ ಬಹುಪಾಲು, ಡೈ ಹಾಕಿಸಿಕೊಳ್ಳದ ರೋಗಿಗಳನ್ನು ಹೋಲಿಕೆಗೆ ಇಟ್ಟುಕೊಂಡಿರಲೇ ಇಲ್ಲ. ಹಾಸಿಗೆ ಹಿಡಿದ ರೋಗಿಯ ರಕ್ತದಲ್ಲಿ, ಮೂತ್ರಪಿಂಡದ ಕ್ಷಮತೆಯನ್ನು ಸೂಚಿಸುವ ಕ್ರಿಯಾಟಿನಿನ್ ಯಾವ ಡೈಯೂ ಇಲ್ಲದೆ ಏರಿಳಿಯುವುದೆಂಬುದನ್ನು ಮರೆತು, ಎಲ್ಲ ಏರಿಕೆಯನ್ನೂ ಡೈಯ ತಲೆಗೆ ಕಟ್ಟಲಾಗಿತ್ತು.

2020ರಲ್ಲಿ ಅಮೆರಿಕದ ವಿಕಿರಣತಜ್ಞರ ಸಂಸ್ಥೆಯೂ ಮೂತ್ರಪಿಂಡ ಪ್ರತಿಷ್ಠಾನವೂ ಕೂಡಿ, ರಕ್ತನಾಳಕ್ಕೆ ಡೈ ಕೊಟ್ಟು ಮಾಡುವ ಸ್ಕ್ಯಾನಿನ ಅಪಾಯವನ್ನು ಹಿಂದೆ ಉತ್ಪ್ರೇಕ್ಷಿಸಲಾಗಿತ್ತೆಂದೂ, ಡಯಾಲಿಸಿಸ್ ಇಲ್ಲದೆ ಮೂತ್ರಪಿಂಡದ ಶೋಧನಶಕ್ತಿಯ ಅಂಕವು 30ಕ್ಕಿಂತ ಕೆಳಗಿರುವವರಿಗೂ ಮೂತ್ರಪಿಂಡಕ್ಕೆ ಹಠಾತ್ತಾಗಿ ಧಕ್ಕೆ ತಗುಲಿದವರಿಗೂ ಮುನ್ನೆಚ್ಚರಿಕೆಯ ಸಲೈನ್ ಯುಕ್ತವೆಂದೂ ಒಮ್ಮತದಿಂದ ಸಾರಿದವು. ಆದುದರಿಂದ ಸ್ಕ್ಯಾನಿಗೆಂದು ಪುಣೆಗೆ ಹೊರಡುವ ವಾಚಕರು ತಮ್ಮ ಹಳೆಯ ಕ್ರಿಯಾಟಿನಿನ್ ವರದಿಯನ್ನು ಚೀಲದಲ್ಲಿಟ್ಟುಕೊಳ್ಳಲಿ. ಮೆಟ್‌ಫಾರ್ಮಿನ್ ಗುಳಿಗೆಯನ್ನಾಗಲಿ ನೋವಿನ ಗುಳಿಗೆಯನ್ನಾಗಲಿ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಲಿ. ಹಳೆಯ ಭಯದಿಂದ ಅಗತ್ಯವಾದ ಪರೀಕ್ಷೆಯನ್ನು ಮಾತ್ರ ಬೇಡವೆನ್ನದಿರಲಿ.