ತೇಲುವ ಅಯಸ್ಕಾಂತ ಮತ್ತು ಗುಜರಾತಿನ ತಣ್ಣನೆಯ ಸುರುಳಿಗಳು: ಅತಿವಾಹಕತೆಯ ಚರಿತ್ರೆಯ ಒಂದು ತಪ್ಪು ಓದು

ತೀರಾ ತಣ್ಣಗಾದ ಕೆಲವು ವಸ್ತುಗಳಲ್ಲಿ ವಿದ್ಯುತ್ ರೋಧವಿಲ್ಲದೆ ಹರಿಯುವ ಗುಣವೇ ಅತಿವಾಹಕತೆ. ಭಾರತದಲ್ಲಿ ಅದು ಬೆಳೆದ ಬಗೆಯನ್ನು ನಮ್ಮ ಜನಪ್ರಿಯ ವಿಜ್ಞಾನ ಬರಹಗಳು ಸಾಮಾನ್ಯವಾಗಿ ಒಂದೇ ಜಾಡಿನಲ್ಲಿ ಹೇಳುತ್ತವೆ. 1987ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಇಟ್ರಿಯಂ-ಬೇರಿಯಂ-ತಾಮ್ರ ಆಕ್ಸೈಡಿನ ಅತಿವಾಹಕ ರೂಪವನ್ನು ಗುರುತಿಸಿದ್ದು. ಅದರ ಬಿಲ್ಲೆಯ ಮೇಲೆ ತೇಲುವ ಅಯಸ್ಕಾಂತ. ಅಲ್ಲಿಂದ ಜಪಾನಿನ ತೇಲುವ ರೈಲು. ಕೊನೆಗೆ ಅಹಮದಾಬಾದಿಗೆ ಬರಲಿರುವ ಬುಲೆಟ್ ರೈಲು. ಈ ಸರಪಳಿಯ ಮೊದಲ ಕೊಂಡಿ ಗಟ್ಟಿಯಾಗಿದೆ. ಉಳಿದ ಕೊಂಡಿಗಳು ಒಂದನ್ನೊಂದು ಹಿಡಿದುಕೊಂಡಿಲ್ಲ.

ಕೊನೆಯದನ್ನು ಬೇಗ ಮುಗಿಸಬಹುದು. 2017ರ ಸೆಪ್ಟೆಂಬರ್ 14ರಂದು ಸಾಬರಮತಿಯಲ್ಲಿ ಶಂಕುಸ್ಥಾಪನೆಯಾದ 508 ಕಿ.ಮೀ. ಮಾರ್ಗ ಸೂರತ್, ವಡೋದರಾಗಳನ್ನು ಹಾದು ಅಹಮದಾಬಾದ್ ಸೇರುತ್ತದೆ. ಅದು ಶಿಂಕಾನ್ಸೆನ್ ತಂತ್ರಜ್ಞಾನ: ಉಕ್ಕಿನ ಹಳಿ, ಉಕ್ಕಿನ ಗಾಲಿ. ಅಲ್ಲಿ ತೇಲುವಿಕೆಯೂ ಇಲ್ಲ, ಅತಿವಾಹಕವೂ ಇಲ್ಲ. ಶಾಂಘೈನಲ್ಲಿ ನಿಜಕ್ಕೂ ತೇಲಿ ಓಡುವ ರೈಲಿಗೂ ಸಾಮಾನ್ಯ ವಿದ್ಯುದಯಸ್ಕಾಂತಗಳೇ ಸಾಕಾಗಿವೆ.

ನಿಜವಾದ ತಕರಾರು ಇರುವುದು ಬಿಲ್ಲೆಯ ಮೇಲೆ ತೇಲುವ ಅಯಸ್ಕಾಂತದ ಬಗ್ಗೆ. ಅದನ್ನು ಅತಿವಾಹಕತೆಯ ಮೂಲ ಪುರಾವೆಯೆಂದೂ ದಿನಬಳಕೆಯ ಉಪಯೋಗಗಳ ಬೀಜವೆಂದೂ ಓದುವ ರೂಢಿ ಬೇರುಬಿಟ್ಟಿದೆ. ಈ ಎರಡೂ ಓದುಗಳು ತಪ್ಪು.

1933ರಲ್ಲಿ ಬರ್ಲಿನ್ನಿನಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಯಾವ ಅಯಸ್ಕಾಂತವನ್ನೂ ತೇಲಿಸಲಿಲ್ಲ. ತಣ್ಣಗಾದ ಲೋಹದ ಸುತ್ತ ಕಾಂತಕ್ಷೇತ್ರ ಹೇಗೆ ಬದಲಾಗುತ್ತದೆಂದು ಅವರು ಅಳೆದರು. ಲೋಹ ತನ್ನೊಳಗಿನ ಕ್ಷೇತ್ರವನ್ನು ಹೊರದೂಡುತ್ತದೆಂಬ ತೀರ್ಮಾನ ಆ ಅಳತೆಯಿಂದಲೇ ಬಂತು; ಇದೇ ಮೈಸ್ನರ್ ಪರಿಣಾಮ. ಸೀಸದ ತಟ್ಟೆಯ ಮೇಲೆ ಅಯಸ್ಕಾಂತ ತೇಲಿದ್ದನ್ನು ಮಾಸ್ಕೋದ ಆರ್ಕಾಡಿಯೆವ್ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದ್ದು 1947ರಲ್ಲಿ. ಅಂದರೆ ಅತಿವಾಹಕತೆಯ ತಿಳಿವಳಿಕೆ ಸಾಕಷ್ಟು ಮುಂದೆ ಹೋದ ಮೇಲೆ ಬಂದ ಪ್ರದರ್ಶನ ಅದು.

ಇನ್ನು ಬಿಲ್ಲೆಯನ್ನೇ ಹತ್ತಿರದಿಂದ ನೋಡೋಣ. ಅದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕುಳಿತಿರುವಾಗ ಮೇಲಿನ ಪುಟ್ಟ ದುಂಡು ಅಯಸ್ಕಾಂತವನ್ನು ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆ. ಪಕ್ಕಕ್ಕೆ ತಳ್ಳಿದರೆ ಪ್ರತಿರೋಧಿಸಿ ಹಿಂದಕ್ಕೆ ಬರುತ್ತದೆ. ಒಳ್ಳೆಯ ಬಿಲ್ಲೆಯಾದರೆ ಅಯಸ್ಕಾಂತದ ಸಮೇತ ತಲೆಕೆಳಗು ಮಾಡಿದರೂ ಅದು ಬೀಳದೆ ತೂಗಾಡುತ್ತದೆ. ಬರೀ ಹೊರದೂಡುವಿಕೆಯಿಂದ ಇದು ಸಾಧ್ಯವಿಲ್ಲ. ದೂಡುವ ವಸ್ತು ತನ್ನ ಕೆಳಗಿರುವುದನ್ನು ಹಿಡಿದು ನಿಲ್ಲಿಸಲಾರದು. ಕ್ಷೇತ್ರ ಸಣ್ಣ ಸಣ್ಣ ಎಳೆಗಳಾಗಿ ಬಿಲ್ಲೆಯೊಳಕ್ಕೆ ನುಗ್ಗಿ, ಅಲ್ಲಿನ ಸ್ಫಟಿಕ ದೋಷಗಳಲ್ಲಿ ಸಿಕ್ಕಿಬಿದ್ದಿರುತ್ತದೆ. ಇಂಥ ಎಳೆಗಳ ಸಿದ್ಧಾಂತವನ್ನು ಅಬ್ರಿಕೊಸೊವ್ 1957ರಲ್ಲಿ ಪ್ರಕಟಿಸಿದರು. ನಮ್ಮ ಬರಹಗಳು ಈ ಹಿಡಿತವನ್ನೂ ಮೈಸ್ನರ್ ಪರಿಣಾಮದ ಹೆಸರಿನಲ್ಲೇ ವಿವರಿಸಿ ಮುಗಿಸುತ್ತವೆ.

ತೇಲುವುದಕ್ಕೆ ಅತಿವಾಹಕತೆಯೇ ಬೇಕೆಂದೂ ಇಲ್ಲ. ಪೈರೊಲಿಟಿಕ್ ಗ್ರಾಫೈಟಿನ ತೆಳು ಹಾಳೆ ಕೋಣೆಯ ತಾಪಮಾನದಲ್ಲೇ ಅಯಸ್ಕಾಂತಗಳ ಮೇಲೆ ತೇಲುತ್ತದೆ. 2023ರಲ್ಲಿ ಕೋಣೆಯ ತಾಪಮಾನದ ಅತಿವಾಹಕವೆಂದು ಸಾರಲಾದ ಕೊರಿಯಾದ ಎಲ್‌ಕೆ-99 ಚೂರು ಅರ್ಧ ಮೇಲೆದ್ದು ನಿಂತ ದೃಶ್ಯ ಜಗತ್ತನ್ನೇ ಸುತ್ತಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿ ಹಲವರು ಅದನ್ನು ತಯಾರಿಸಿ ಪರೀಕ್ಷಿಸಿದಾಗ ಅತಿವಾಹಕತೆ ಸಿಗಲಿಲ್ಲ. ಕಣ್ಣಿಗೆ ಕಂಡ ತೇಲುವಿಕೆಯನ್ನು ಸಾಕ್ಷಿಯೆಂದು ಒಪ್ಪಿದರೆ ಚರಿತ್ರೆಕಾರನೂ ಇಂಥದ್ದೇ ಬಲೆಗೆ ಬೀಳುತ್ತಾನೆ.

ಜಪಾನಿನ ರೈಲಿನ ಸಂಗತಿ ಇನ್ನೂ ಸ್ಪಷ್ಟ. 2015ರಲ್ಲಿ ಯಮನಾಶಿಯಲ್ಲಿ ಗಂಟೆಗೆ 603 ಕಿ.ಮೀ. ಮುಟ್ಟಿದ ಆ ಬಂಡಿಯ ನಯೋಬಿಯಂ-ಟೈಟೇನಿಯಂ ಸುರುಳಿಗಳು ಬಲವಾದ ಅಯಸ್ಕಾಂತಗಳಷ್ಟೇ. ಅವು ಓಡುವಾಗ ಪಕ್ಕದ ಗೋಡೆಯ ಸಾಮಾನ್ಯ ಸುರುಳಿಗಳಲ್ಲಿ ಪ್ರವಾಹ ಹುಟ್ಟಿ ಬಂಡಿಯನ್ನು ಎತ್ತುತ್ತದೆ; ವೇಗ ಸಾಲದಿದ್ದಾಗ ಅದೂ ರಬ್ಬರ್ ಗಾಲಿಗಳ ಮೇಲೆಯೇ ಓಡಬೇಕು. ಬಿಲ್ಲೆಯ ಪ್ರಯೋಗದಲ್ಲಿ ಅತಿವಾಹಕ ಮಾಡುವ ಕೆಲಸವೇ ಬೇರೆ, ರೈಲಿನಲ್ಲಿ ಮಾಡುವ ಕೆಲಸವೇ ಬೇರೆ. ಎಂ.ಆರ್.ಐ. ಯಂತ್ರದಲ್ಲಿಯೂ ಅದೇ ಮಿಶ್ರಲೋಹ ಬಲವಾದ ಕ್ಷೇತ್ರವನ್ನು ಕೊಡುತ್ತದೆ. ಇಂದು ಸಾಮಾನ್ಯ ಜನ ಅತಿವಾಹಕದ ಹತ್ತಿರ ಹೋಗುವುದು ಆಸ್ಪತ್ರೆಯಲ್ಲಿ ಆ ಯಂತ್ರದೊಳಗೆ ಮಲಗಿದಾಗ. ದಿನಬಳಕೆಯ ಉಪಯೋಗದ ಚರಿತ್ರೆ ಎಂದರೆ ದೊಡ್ಡ ಸುರುಳಿಯನ್ನು ತಣ್ಣಗೆ ಇಟ್ಟುಕೊಂಡ ಚರಿತ್ರೆ.

ಹಾಗೆ ಓದಿದಾಗ ಗುಜರಾತಿನ ಮೂರು ನಗರಗಳ ಸುತ್ತಮುತ್ತ ನಡೆದ ಕೆಲಸ ಅಂಚಿನಿಂದ ನಡುವಿಗೆ ಬರುತ್ತದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಪಿ.ಕೆ. ಕಾವ್ ಅವರ ನೇತೃತ್ವದಲ್ಲಿ ಮೊಳೆತ ಪ್ಲಾಸ್ಮಾ ಕಾರ್ಯಕ್ರಮ 1986ರಲ್ಲಿ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಾಗಿ, ಸಾಬರಮತಿಯ ದಡದ ಭಾಟ್ ಗ್ರಾಮದಲ್ಲಿ ನೆಲೆಸಿತು. ಬಿಸಿ ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಬಳೆಯಾಕಾರದ ಯಂತ್ರವೇ ಟೊಕಮಾಕ್; ಅಲ್ಲಿನ ಮೊದಲ ಟೊಕಮಾಕ್ 'ಆದಿತ್ಯ'ಕ್ಕೆ ತಾಮ್ರದ ಸುರುಳಿಗಳಿದ್ದವು. ಮುಂದಿನ ಎಸ್‌ಎಸ್‌ಟಿ-1ಕ್ಕೆ 16 ನಯೋಬಿಯಂ-ಟೈಟೇನಿಯಂ ಸುರುಳಿಗಳ ಬಳೆ ಬಂತು.

ಎಸ್‌ಎಸ್‌ಟಿ-1ರ ಮೊದಲ ಪ್ರಯತ್ನಗಳಲ್ಲಿ ಹೀಲಿಯಂ ಸೋರಿಕೆ ಕಾಡಿತು. ಇದನ್ನು ಸೋಲೆಂದು ಒಂದು ಸಾಲಿನಲ್ಲಿ ದಾಟುವವರೊಡನೆ ನನಗೆ ಸಹಮತವಿಲ್ಲ. ನಂತರದ ಪುನರ್ನಿರ್ಮಾಣದಲ್ಲಿ ಸುರುಳಿಗಳ ಕೀಲುಗಳನ್ನು ಮತ್ತೆ ಮಾಡಿ, ಒಂದೊಂದು ಸುರುಳಿಯನ್ನೂ ತಣ್ಣಗೆ ಮಾಡಿ 10,000 ಆಂಪಿಯರ್ ಹರಿಸಿ ಪರೀಕ್ಷಿಸಲಾಯಿತು. ತಂತಿಯಲ್ಲಿ ರೋಧ ಇಲ್ಲದಿದ್ದರೂ ಎರಡು ತುದಿಗಳನ್ನು ಬೆಸೆದ ಕೀಲಿನಲ್ಲಿ ಇರುತ್ತದೆ. ಅಲ್ಲಿ ಒಂದು ಮೈಕ್ರೋ ಓಮ್ ಉಳಿದರೂ ಅಷ್ಟು ಪ್ರವಾಹಕ್ಕೆ 100 ವ್ಯಾಟ್ ಶಾಖ ಹುಟ್ಟುತ್ತದೆ; ಒಂದು ನ್ಯಾನೋ ಓಮಿಗೆ ಇಳಿಸಿದರೆ 0.1 ವ್ಯಾಟ್. ಮೈನಸ್ 269 ಡಿಗ್ರಿಯ ಹತ್ತಿರ ಹುಟ್ಟುವ ಒಂದೊಂದು ವ್ಯಾಟ್ ಶಾಖವನ್ನು ಹೊರಹಾಕಲು ಹೊರಗೆ ನೂರಾರು ವ್ಯಾಟ್ ವಿದ್ಯುತ್ ಸುಡಬೇಕು. ಯಂತ್ರ ಉಳಿಯುತ್ತದೋ ಇಲ್ಲವೋ ಎಂಬುದನ್ನು ಆ ಕೀಲು ನಿರ್ಧರಿಸುತ್ತದೆ. 2013ರ ಜೂನಿನಲ್ಲಿ ಎಸ್‌ಎಸ್‌ಟಿ-1 ಮೊದಲ ಪ್ಲಾಸ್ಮಾ ಕಂಡಿತು. ನನ್ನ ಮಟ್ಟಿಗೆ ತೇಲುವ ಅಯಸ್ಕಾಂತಕ್ಕಿಂತ ಈ ಕೀಲುಗಳ ದಾಖಲೆಯೇ ಭಾರತೀಯ ಅತಿವಾಹಕತೆಯ ದೊಡ್ಡ ಸಾಕ್ಷಿ.

ಮುಂದಿನ ಹೆಜ್ಜೆಗಳು ಫ್ರಾನ್ಸಿನಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ದೊಡ್ಡ ಟೊಕಮಾಕ್ ಐಟರ್ ಯೋಜನೆಯ ಕಡೆಗೆ. ಅದರ ದೈತ್ಯ ಅತಿವಾಹಕ ಸುರುಳಿಗಳನ್ನು ಸುತ್ತುವರಿಯುವ, ಸುಮಾರು 30 ಮೀಟರ್ ಎತ್ತರ ಮತ್ತು ಅಷ್ಟೇ ಅಗಲದ, 3,850 ಟನ್ನಿನ ನಿರ್ವಾತ ಪಾತ್ರೆಯ ಭಾಗಗಳು ಸೂರತ್ ಬಳಿಯ ಹಜೀರಾದಲ್ಲಿ ಲಾರ್ಸೆನ್ ಅಂಡ್ ಟೂಬ್ರೊ ಕಾರ್ಖಾನೆಯಲ್ಲಿ ಸಿದ್ಧವಾದವು. ಅತಿಶೀತ ಹೀಲಿಯಂ ಸಾಗಿಸುವ ಕೊಳವೆಗಳನ್ನು ಪೂರೈಸಿದವರಲ್ಲಿ ವಡೋದರಾದ ಐನಾಕ್ಸ್ ಇಂಡಿಯಾ ಒಂದು. ಸುರುಳಿ, ಕೊಳವೆ, ಪಾತ್ರೆ: ಅತಿವಾಹಕ ಯಂತ್ರಕ್ಕೆ ಬೇಕಾದ ಈ ಮೂರರ ಕಸುಬನ್ನೂ ಬುಲೆಟ್ ರೈಲು ಹಾಯಲಿರುವ ಈ ಪ್ರದೇಶ ಕಲಿತುಕೊಂಡಿದೆ.

ಬೆಂಗಳೂರಿನ 1987ರ ಸಾಧನೆಯನ್ನು ಇದು ಕಿರಿದು ಮಾಡುವುದಿಲ್ಲ. ಅಲ್ಲಿ ವಸ್ತುವನ್ನು ಅರಿತರು, ಇಲ್ಲಿ ಯಂತ್ರವನ್ನು ಕಟ್ಟಿದರು. ಇವೆರಡನ್ನೂ ಒಂದೇ ಪುಟದಲ್ಲಿಟ್ಟು ಬರೆಯುವ ಕೆಲಸ ನಮ್ಮ ಚರಿತ್ರೆಕಾರರದು. ಕೀಲುಗಳನ್ನು ಮಾಡಿದ, ಸೋರಿಕೆಗಳನ್ನು ಹುಡುಕಿದ ತಂತ್ರಜ್ಞರು ನಿವೃತ್ತರಾಗುವ ಮುನ್ನ ಅವರ ಕೆಲಸದ ದಾಖಲೆಗಳನ್ನೂ ಮಾತುಗಳನ್ನೂ ಸಂಗ್ರಹಿಸಬೇಕು.